ಹೊರಬಾಗಿಲ ಠರಾವು

ಯಾರಾದರೂ ಹೇಳಿದ್ದನ್ನೇ ಎರಡನೇ ಸಲ ಹೇಳಲು ಶುರುಮಾಡಿದರೆ ತಾತ ಎಡಗಿವಿಗೆ ಹಾಕಿದ್ದ ಕೇಳುವ ಮಷೀನು ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಎದೆ ಜೇಬಿಗೆ ಇಳಿಸಿಬಿಡುತ್ತಿದ್ದರು. ಆ ಕಿವಿಗಳೋ, ಮುಖಕ್ಕಿಂತ ಒಂದು ಅಳತೆ ದೊಡ್ಡವು, ಅಂಚಿನಲ್ಲಿ ಬಿಳಿ ಕೂದಲು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮಷೀನು ಜೇಬಿಗೆ ಹೋಯಿತೆಂದರೆ ಎದುರಿಗಿದ್ದವರು ಮಾತು ಮುಗಿಸಿ ಏಳಬೇಕು. ನನ್ನೆದುರು ಅದು ಎಷ್ಟು ಸಲ ಜೇಬಿಗೆ ಹೋಗಿದೆಯೋ ಲೆಕ್ಕವಿಲ್ಲ. ನನಗೆ ಮಾತು ಹೆಚ್ಚು, ಸಿಟ್ಟು ಅದಕ್ಕಿಂತ ಹೆಚ್ಚು. ನನ್ನೂರು ಕುರುಗೋಡಿನಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದ ದಿನವಂತೂ ಕೇಳುವುದೇ ಬೇಡ.

ತಾತ ಎಂದರೆ ನನ್ನ ಸ್ವಂತ ತಾತನಲ್ಲ. ಬಳ್ಳಾರಿ ಬ್ರೂಸ್‌ಪೇಟೆಯ ಸಗಟು ಅಂಗಡಿಗಳ ಹಿಂದಿನ ಓಣಿಯಲ್ಲಿ ನಮ್ಮ ಆಫೀಸು ಇದೆಯಲ್ಲ, ಆ ಮನೆಯ ಯಜಮಾನರು. ಕೆಳಗೆ ಅವರು ಮತ್ತು ಅಜ್ಜಿ. ಮೇಲೆ ನಾನು, ಕೌಲ್ ಬಜಾರಿನ ನನ್ನ ಗೆಳೆಯ ಖಾದರ್, ಮತ್ತು ನಮ್ಮ ಕಂಪ್ಯೂಟರುಗಳು. ತಾತ ಸಹಕಾರ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಸಿರುಗುಪ್ಪ ತಾಲ್ಲೂಕಿನ ಊರೂರಿನ ಸೊಸೈಟಿಗಳ ಸಭೆಗಳಲ್ಲಿ ಕೂತು, ಅಲ್ಲಿನ ಜಗಳ ಬಿಡಿಸಿ, ನಡಾವಳಿ ಬರೆದು ತಲೆ ಹಣ್ಣು ಮಾಡಿಕೊಂಡಿದ್ದರು. ನಿವೃತ್ತಿಯಾದರೂ ಸಭೆಯ ಹುಚ್ಚು ಬಿಟ್ಟಿರಲಿಲ್ಲ. ರಾತ್ರಿ ಅನ್ನವೋ ರೊಟ್ಟಿಯೋ ಎಂಬುದನ್ನೂ ಮನೆಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿಯೇ ತೀರ್ಮಾನಿಸುತ್ತಿದ್ದರು. "ನನಗ ಓಟು ಒಂದ, ಅಡಿಗಿ ಮಾಡಾಕಿನೂ ನಾನ" ಎಂದು ಅಜ್ಜಿ ಒಲೆಯ ಮುಂದೆ ಗೊಣಗುತ್ತಿದ್ದರು.

ನಮ್ಮ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಸಿರುಗುಪ್ಪದ ರೈಸ್ ಮಿಲ್ಲುಗಳು, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳು ತಮ್ಮ ದಾಸ್ತಾನು, ಬಿಲ್ಲು, ಆವಕ ಜಾವಕಗಳನ್ನೆಲ್ಲ ಈಗ ಕ್ಲೌಡ್‌ನಲ್ಲಿ ಇಡುತ್ತವೆ. ಕ್ಲೌಡ್ ಅಂದರೆ ದೂರದಲ್ಲೆಲ್ಲೋ ಇರುವ ಬಾಡಿಗೆ ಕಂಪ್ಯೂಟರು, ಅಷ್ಟೇ. ಆ ವ್ಯವಸ್ಥೆ ಮಾಡಿಕೊಡುವುದು ನಾವು. ಅದಕ್ಕೆ ನಾವು ಬಳಸುವುದು ಮುಕ್ತ ತಂತ್ರಾಂಶ. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಬಳಸಬಹುದು. ಹಲವು ದೇಶಗಳ ಜನ ಕೂಡಿ ಕಟ್ಟುತ್ತಾರೆ, ಕಟ್ಟುವವರಲ್ಲಿ ನಾನೂ ಖಾದರನೂ ಇದ್ದೇವೆ. ಈ ಮಾತು ಹೇಳುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ, ಉಬ್ಬಲಿ ಬಿಡಿ.

ಆ ಸಮುದಾಯ ಸಾಫ್ಟ್‌ವೇರಿನ ಜೊತೆಗೆ ಒಂದು ಮಾನದಂಡವನ್ನೂ ಬರೆಯುತ್ತದೆ. ಒಬ್ಬರ ಕ್ಲೌಡ್‌ನಲ್ಲಿಟ್ಟ ಲೆಕ್ಕ ಇನ್ನೊಬ್ಬರ ಕ್ಲೌಡ್‌ನಲ್ಲಿಯೂ ಹಾಗೆಯೇ ಕೂರಬೇಕು ಎನ್ನುವುದು ಅದರ ತಿರುಳು. ಹಿಂದೆ ಫೋನಿಗೊಂದು ಚಾರ್ಜರ್ ಇರುತ್ತಿತ್ತು, ಈಗ ಒಂದೇ ಪಿನ್ನು ಎಲ್ಲ ಫೋನಿಗೂ ಹೋಗುತ್ತದಲ್ಲ, ಹಾಗೆ. ಮಾನದಂಡ ಪಾಲಿಸುವ ಕಂಪನಿಗೆ ಸಮುದಾಯ ಒಂದು ಮುದ್ರೆ ಕೊಡುತ್ತದೆ. ಆ ಮುದ್ರೆ ನೋಡಿ ಗಿರಾಕಿ ನಂಬಬಹುದು.

ನಾವು ಬಂದ ಹೊಸದರಲ್ಲಿ ಒಂದು ಸಂಜೆ ನಾನು ಆನ್‌ಲೈನ್ ಸಭೆಯಲ್ಲಿ ಯಾರೊಡನೆಯೋ ಗಂಟಲು ಹರಿಯುವಂತೆ ವಾದ ಮಾಡುತ್ತಿದ್ದೆ. ಮಷೀನು ಇಲ್ಲದೆಯೂ ತಾತನಿಗೆ ಕೇಳಿಸಿತಂತೆ. ಮೆಟ್ಟಿಲು ಹತ್ತಿ ಬಂದು, ಸಭೆ ಮುಗಿಯುವವರೆಗೂ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಕೇಳಿದರು.

"ಯಾರ ಜೋಡಿ ಜಗಳ ಯವ್ವ?"

"ಜಗಳ ಅಲ್ರಿ ತಾತ, ಸಭಿ. ಸಾಫ್ಟ್‌ವೇರ್ ಕಟ್ಟೋ ಸಮುದಾಯದ್ದು."

"ಅದರ ಮಾಲೀಕ ಯಾರು?"

"ಯಾರೂ ಇಲ್ರಿ."

"ಸದಸ್ಯರು ಅದಾರ?"

"ಅದಾರ್ರಿ."

"ಠರಾವು ಮಾಡ್ತೀರಿ?"

"ಮಾಡ್ತೀವ್ರಿ, ಓಟು ಹಾಕಿ."

"ಮತ್ತ ಸೊಸೈಟಿ ಅನ್ನು. ಸುಮ್ನ ಇಂಗ್ಲೀಷಿನ್ಯಾಗ ಹೆದರಸ್ತಿ."

ಅವತ್ತಿನಿಂದ ನಮ್ಮ ಆಫೀಸಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ತಾತನದಾಯಿತು. ಸಮುದಾಯದ ನಿಯಮಗಳನ್ನು ನಾನು ಓದಿ ಕನ್ನಡದಲ್ಲಿ ಹೇಳಬೇಕು, ಅವರು ಒಗ್ಗರಣಿ ಮಂಡಕ್ಕಿ ತಿನ್ನುತ್ತ ಕೇಳಬೇಕು. ಕೋರಂ ಎಷ್ಟು ಎಂದರು. ಹೇಳಿದೆ. ಹೆಚ್ಚು ಕೆಲಸ ಮಾಡಿದವನಿಗೆ ಹೆಚ್ಚು ಓಟಿದೆಯೇ ಎಂದರು. ಇಲ್ಲ, ಒಬ್ಬರಿಗೆ ಒಂದೇ ಎಂದೆ. ಮಂಡಕ್ಕಿಯ ತಟ್ಟೆ ಕೆಳಗಿಟ್ಟು, "ಯಾರೋ ತಿಳಿದೋರು ಬರ್ದಾರ ಬಿಡು" ಎಂದು ತಲೆದೂಗಿದರು. ನನಗೂ ಖಾದರನಿಗೂ ಅಲ್ಲಿಯವರೆಗೆ ಆ ನಿಯಮಗಳೆಂದರೆ ಕೋಡು ಬರೆಯುವ ಕೆಲಸಕ್ಕೆ ಅಡ್ಡ ಬರುವ ಕಾಗದ. ಈ ಮನುಷ್ಯ ಅದನ್ನು ಹೊಸ ಸಿನೆಮಾದ ಕಥೆ ಕೇಳುವ ಹಾಗೆ ಕೇಳುತ್ತಿದ್ದರು. "ಆಮ್ಯಾಲ? ಅಧ್ಯಕ್ಷನ್ನ ಇಳಸಾಕ ಬರ್ತೈತೋ ಇಲ್ಲೋ?" ಎಂದು ಅವರು ಕಣ್ಣರಳಿಸಿದಾಗ ನನಗೂ ಮೈ ಬಿಸಿಯಾಗುತ್ತಿತ್ತು. ಹೌದಲ್ಲ, ಮಾಲೀಕನೇ ಇಲ್ಲದ ಒಂದು ವಸ್ತುವನ್ನು ಇಷ್ಟು ಜನ ಬಡಿದಾಡಿಕೊಂಡೇ ಆದರೂ ಒಟ್ಟಿಗೆ ನಡೆಸುತ್ತಿದ್ದಾರಲ್ಲ ಎಂದು ಆಗ ಮೊದಲ ಸಲ ಹೊಳೆಯಿತು.

"ರಿಟೈರ್ ಆದ ಮ್ಯಾಲ ಮಂದಿ ಕಾಶಿಗೆ ಹೋಗ್ತಾರ. ಇವರು ಮಾಳಿಗಿ ಹತ್ತಿ ಮೀಟಿಂಗಿಗೆ ಹೋಗ್ತಾರ" ಎಂದು ಅಜ್ಜಿ ಓಣಿಯವರ ಮುಂದೆಲ್ಲ ಹೇಳಿಕೊಂಡು ಬಂದರು.

ಇನ್ನು ಆ ಠರಾವಿನ ಕಥೆ. ನಮ್ಮ ಸಮುದಾಯವನ್ನು ಮೊದಲು ಕಟ್ಟಿದವರು ಪರದೇಶದ ಒಬ್ಬ ಹಿರಿಯ ಮೇಡಂ. ನಾನೂ ಖಾದರನೂ ಬರೆದ ಮೊದಲ ಕೋಡನ್ನು ಸಾಲು ಸಾಲಾಗಿ ತಿದ್ದಿ, ಬೇಸರವಿಲ್ಲದೆ ಹೇಳಿಕೊಟ್ಟು, ಸದಸ್ಯರನ್ನಾಗಿ ಮಾಡಿಕೊಂಡವರು. ಅವರ ಮೇಲೆ ನಮಗೆ ಗುರುವಿನ ಮೇಲಿರುವಷ್ಟೇ ಭಕ್ತಿ. ಒಂದು ದಿನ ಅವರು ಒಂದು ಪ್ರಸ್ತಾಪ ಇಟ್ಟರು. ಮಾನದಂಡದಲ್ಲಿ ಎರಡು ಭಾಗವಿತ್ತು. ಗಿರಾಕಿಯ ಲೆಕ್ಕವನ್ನು ಒಳಗೆ ತೆಗೆದುಕೊಳ್ಳುವುದು ಒಂದು, ಅವನು ಬಿಟ್ಟು ಹೋಗುವಾಗ ಪೂರ್ತಿ ಲೆಕ್ಕ ಹೊರಗೆ ಕೊಡುವುದು ಇನ್ನೊಂದು. ನಾವಿಬ್ಬರು ಇದನ್ನು ಒಳಬಾಗಿಲು, ಹೊರಬಾಗಿಲು ಎನ್ನುತ್ತಿದ್ದೆವು. ಎರಡೂ ಕಡ್ಡಾಯ. ಹೊರಬಾಗಿಲನ್ನು ಬೇಕಾದವರು ಇಡಲಿ, ಬೇಡವಾದವರು ಬಿಡಲಿ ಎಂದು ಮಾಡೋಣ ಎಂಬುದು ಮೇಡಂ ಪ್ರಸ್ತಾಪ. ಹಾಗೆ ಮಾಡಿದರೆ ಗಿರಾಕಿಗಳನ್ನು ಬಿಟ್ಟುಕೊಡಲು ಇಷ್ಟವಿಲ್ಲದ ಒಂದು ದೊಡ್ಡ ಕಂಪನಿಯೂ ಸಮುದಾಯಕ್ಕೆ ಸೇರುತ್ತದೆ, ಮೊದಲು ಎಲ್ಲರೂ ಒಳಗೆ ಬರಲಿ, ಆಮೇಲೆ ನೋಡೋಣ ಎಂಬುದು ಅವರ ಲೆಕ್ಕಾಚಾರ. ಅದರಲ್ಲಿ ಕಪಟವೇನೂ ಇರಲಿಲ್ಲ.

ನಮಗೆ ಮಾತ್ರ ಕಾಲ ಕೆಳಗಿನ ನೆಲವೇ ಹೋಯಿತು. ಸಿರುಗುಪ್ಪದ ರೈಸ್ ಮಿಲ್ಲಿನ ಸಾಹುಕಾರರು ನಮ್ಮ ಮೊಟ್ಟಮೊದಲ ಗಿರಾಕಿ. ಹಿಂದೆ ಯಾರನ್ನೋ ನಂಬಿ ತಮ್ಮ ಲೆಕ್ಕವನ್ನೆಲ್ಲ ಕೊಟ್ಟು, ಅಲ್ಲಿಂದ ಬಿಡಿಸಿಕೊಂಡು ಬರಲಾಗದೆ ಎಲ್ಲವನ್ನೂ ಮತ್ತೆ ಕೈಯಲ್ಲಿ ತುಂಬಿಸಿದವರು. "ನಿಮ್ಮಲ್ಲಿಗೆ ಬಂದ ಮ್ಯಾಲ ಹೋಗಬೇಕು ಅನಿಸಿದ್ರ?" ಎಂದು ಅವರು ಕೇಳಿದಾಗ, "ಯಾವಾಗ ಬೇಕಾದ್ರೂ ಹೋಗ್ರಿ, ನಮ್ಮ ಮುದ್ರಿ ಇರೋದ ಅದಕ್ಕ" ಎಂದು ಮಾತು ಕೊಟ್ಟಿದ್ದೆ. ಹೊರಬಾಗಿಲು ಕಡ್ಡಾಯವಲ್ಲ ಎಂದಾದರೆ ಮುದ್ರೆಗೆ ಅರ್ಥವೇ ಇಲ್ಲ. ಮುದ್ರೆ ಇದ್ದವರೂ ಗಿರಾಕಿಯನ್ನು ಒಳಗೆ ಹಾಕಿಕೊಂಡು ಕೂರಬಹುದು. ನನ್ನ ಮಾತಿಗೆ ಆಧಾರ ಇರುವುದಿಲ್ಲ.

ಹಾಗಾದರೆ ನಾವು ಏನು ಮಾಡಿದೆವು? ಏನೂ ಮಾಡಲಿಲ್ಲ. ಮಾಳಿಗೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಇಬ್ಬರೂ ಆ ಪ್ರಸ್ತಾಪವನ್ನು ಬಾಯಿತುಂಬ ಬೈದೆವು. ಬರೆದು ತಿಳಿಸುವ ಮಾತು ಬಂದಾಗ ಖಾದರ್, "ಅರೇ, ಮೇಡಂಗೆ ಎದುರು ಬರಿಯಾದು ಹೆಂಗ? ನಮಗ ಅಕ್ಷರ ತಿದ್ದಿದೋರು" ಎಂದ. ನನಗೂ ಹಾಗೆಯೇ ಅನಿಸಿತ್ತು. ಹಿರಿಯರು ಹೇಳಿದ್ದು ಸರಿಬರದಿದ್ದರೆ ತಲೆ ತಗ್ಗಿಸಿ ಸುಮ್ಮನಿದ್ದುಬಿಡಬೇಕು, ಅವರಿಗೆ ಅದರಲ್ಲೇ ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ನಡೆಯುವುದು ಹಾಗೆಯೇ. ನನ್ನ ಮದುವೆಯ ಮಾತನ್ನು ನಾನು ಅದೇ ಉಪಾಯದಿಂದ ಹಲವು ಸಲ ಮುಂದೂಡಿದ್ದೇನೆ. ಆದರೆ ಸಮುದಾಯದ ನಿಯಮ ಬೇರೆ. ಪ್ರಸ್ತಾಪ ಇಟ್ಟ ವಾರದೊಳಗೆ ಯಾರೂ ಆಕ್ಷೇಪ ಬರೆಯದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ವಾರ ಕಳೆಯಿತು. ಆಕ್ಷೇಪವಿಲ್ಲದೆ ಅಂಗೀಕಾರವಾಯಿತು ಎಂದು ಬಂತು. ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ.

ತಾತ ಮಿರ್ಚಿಯ ಪೊಟ್ಟಣ ಹಿಡಿದು ಮೇಲೆ ಬಂದಾಗ ನಾವಿಬ್ಬರೂ ಮುಖ ಸೊಟ್ಟ ಮಾಡಿಕೊಂಡು ಕೂತಿದ್ದೆವು. ನಾನು ನಡೆದದ್ದು ಹೇಳಿದೆ. ಮೇಡಂ ಹೀಗೆ ಮಾಡಬಹುದೇ, ಕಂಪನಿಯವರು ಹಾಗೆ ಮಾಡಬಹುದೇ ಎಂದು ಅರಚಿದೆ. ಅವರು ಪೂರ್ತಿ ಕೇಳಿದರು.

"ವಿರೋಧ ಮಾಡಿದೋರು ಎಷ್ಟ ಮಂದಿ?"

"ಯಾರೂ ಇಲ್ರಿ."

"ನೀವಿಬ್ರೂ ಮಾಡಲಿಲ್ಲ?"

"ದೊಡ್ಡೋರು ಬರ್ದಿದ್ದು ತಾತ, ಹೆಂಗ ಎದುರು ಮಾತಾಡಾದು?"

ತಾತ ನಗುತ್ತಾರೋ ಬೈಯುತ್ತಾರೋ ತಿಳಿಯದೆ ನಾವು ಅವರ ಮುಖವನ್ನೇ ನೋಡಿದೆವು. ಮೊದಲು ನಕ್ಕರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಹಚ್ಚೊಳ್ಳಿ ಕಡೆಯ ಯಾವುದೋ ಹಳ್ಳಿಯ ಸಂಗತಿ ಹೇಳಿದರು. ಅವರಿಗೆ ಹೊಸ ನೌಕರಿ. ಸೊಸೈಟಿಯ ಗೋದಾಮನ್ನು ಕಾಲುವೆಯ ಆಚೆ ದಂಡೆಗೆ ಒಯ್ಯಬೇಕೆಂದು ಅಧ್ಯಕ್ಷರ ಠರಾವು. ಅಧ್ಯಕ್ಷರು ಊರಿಗೇ ಹಿರಿಯರು. ಅವರು ಓದಿದರು, ಸಭೆಯೆಲ್ಲ ತಲೆ ತಗ್ಗಿಸಿ ಕೂತಿತು.

"ನಾ ನಡಾವಳಿಯಾಗ ಸರ್ವಾನುಮತ ಅಂತ ಬರ್ದೆ. ಹೊರಗ ಬಸ್ಸಿಗೆ ನಿಂತ್ರ, ಅದ ಮಂದಿ, ಒಬ್ಬನ ಬಾಯಾಗೂ ಒಪ್ಪಿಗಿ ಇಲ್ಲ. ಒಬ್ಬಾಕಿ ಹೆಣ್ಮಗಳು, ‘ಚೀಲ ಹೊತ್ತು ಕಾಲಿವಿ ದಾಟಾಕಿ ನಾನು, ನನ್ನ ಯಾರು ಕೇಳಿದ್ರಿ ಸಾಹೇಬ್ರ’ ಅಂದ್ಲು. ನಾ ಮಾರಿ ಎತ್ತಲಿಲ್ಲ ನೋಡು. ಬಸ್ಸಿನ್ಯಾಗ ಸಿರುಗುಪ್ಪ ಬರೋತನ ಆ ನಡಾವಳಿ ತೆಗೆದು ತೆಗೆದು ಓದಿದೆ."

ಮುಂದಿನ ಸಭೆಯಿಂದ ಅವರು ಒಂದು ಪದ್ಧತಿ ಇಟ್ಟುಕೊಂಡರಂತೆ. ಮುಖ್ಯ ಠರಾವು ಯಾವುದೇ ಇರಲಿ, ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆದು ಕೇಳುವುದು. ಅದೂ ಎಲ್ಲರಿಗಿಂತ ಕಿರಿಯ ಸದಸ್ಯನಿಂದ ಶುರು, ಅಧ್ಯಕ್ಷರು ಕಟ್ಟಕಡೆಗೆ.

"ಹಿರೇರು ಮೊದ್ಲ ಮಾತಾಡಿದ್ರ ಸಭಿ ಅಲ್ಲಿಗೆ ಮುಗೀತು. ನಮ್ಮ ಮಂದಿ ಬಾಯಿ ತೆಗಿಯಾದಿಲ್ಲ. ಸಣ್ಣೋರಿಂದ ಶುರು ಮಾಡಿದ್ರ ದೊಡ್ಡೋರೂ ಕೇಳ್ತಾರ, ಅವರಿಗೂ ಚಲೋ" ಎಂದರು. ಮಿರ್ಚಿ ಆರಿಹೋಗಿತ್ತು. ಅದನ್ನೇ ಕಚ್ಚುತ್ತ ನನ್ನ ಕಡೆ ಬೆರಳು ಮಾಡಿ, "ಒಳಗ ಬರಾಕ ಬಾಗ್ಲ ಐತಿ, ಹೊರಗ ಹೋಗಾಕ ಇಲ್ಲ ಅಂದ್ರ ಅದು ಮನಿ ಅಲ್ಲ, ಬೋನು. ಇದನ್ನ ನನ್ನ ಮುಂದ ಒದರಿದ್ರ ಏನ ಬಂತು? ಅಲ್ಲಿ ಹೇಳು" ಎಂದರು.

ಒಮ್ಮೆ ಆದ ನಿರ್ಣಯವನ್ನು ಮತ್ತೆ ಚರ್ಚೆಗೆ ತರಬೇಕೆಂದು ಯಾವ ಸದಸ್ಯರು ಬೇಕಾದರೂ ಕೇಳಬಹುದಿತ್ತು. ಕೇಳಿದೆ. ಬರೆದು ಕಳಿಸುವ ಗುಂಡಿ ಒತ್ತುವ ಮೊದಲು ನಾನು ಮೂರು ಸಲ ಎದ್ದು ಕೂತದ್ದನ್ನು ಖಾದರ್ ಇವತ್ತಿಗೂ ಮಾಡಿ ತೋರಿಸುತ್ತಾನೆ. ಅದರ ಜೊತೆಗೆ ತಾತನ ಪದ್ಧತಿಯನ್ನೂ ಬರೆದೆ: ಈ ಸಲ ಎಲ್ಲರನ್ನೂ ಹೆಸರು ಹಿಡಿದು ಕೇಳಬೇಕು, ಹೊಸಬರಿಂದ ಶುರುಮಾಡಬೇಕು.

ಸಭೆ ಒಂದು ಸಂಜೆ. ನಮ್ಮ ಕೆಳಗಿನ ಅಂಗಡಿಗಳಲ್ಲಿ ಇನ್ನೂ ಮೂಟೆ ಇಳಿಸುತ್ತಿದ್ದ ಹೊತ್ತು, ಹಮಾಲರ ಸದ್ದು ಜೋರು. ತಾತ ಇಸ್ತ್ರಿ ಅಂಗಿ ಹಾಕಿ, ಹೊಸದಾಗಿ ವಿಭೂತಿ ಧರಿಸಿ ಬಂದು ಪರದೆಗೆ ಕಾಣದ ಹಾಗೆ ನನ್ನ ಪಕ್ಕ ಕೂತರು. ಅವರಿಗೆ ಆ ಇಂಗ್ಲಿಷಿನ ಉಚ್ಚಾರ ಅರ್ಧ ತಿಳಿಯುತ್ತಿರಲಿಲ್ಲ, ಖಾದರ್ ಕಿವಿಯಲ್ಲಿ ಹೇಳುತ್ತಿದ್ದ. ನಾನು ಮಾತಾಡಿದೆ. ಮಿಲ್ಲಿನ ಸಾಹುಕಾರರ ಕಥೆ ಹೇಳಿದೆ, ಬೋನಿನ ಮಾತನ್ನೂ ಹೇಳಿದೆ. ಕೊನೆಗೆ, ನಾವು ಒಪ್ಪಿ ಸುಮ್ಮನಿರಲಿಲ್ಲ, ಗೌರವಕ್ಕೆ ಸುಮ್ಮನಿದ್ದೆವು, ನಮ್ಮ ಕಡೆ ಹಾಗೆಯೇ ಎಂದೆ.

ಅದಕ್ಕೆ ಮೇಡಂ, "ನಾನು ಇಡೀ ವಾರ ನಿಮ್ಮ ವಿರೋಧಕ್ಕೆ ಕಾದಿದ್ದೆ. ನೀವಿಬ್ಬರಾದರೂ ಬರೆಯುತ್ತೀರಿ ಎಂದುಕೊಂಡಿದ್ದೆ. ಬರೆಯದಿದ್ದಾಗ ನಾನೇ ಸರಿ ಎಂದು ನಂಬಿದೆ" ಎಂದರು. ಖಾದರ್ ಅದನ್ನು ತಾತನ ಕಿವಿಯಲ್ಲಿ ಹೇಳಿದ. ತಾತ ತೊಡೆ ತಟ್ಟಿಕೊಂಡು, "ಆ ಯವ್ವ ಖರೇ ಅಧ್ಯಕ್ಷಿ" ಎಂದರು. ಅದು ಮೈಕಿನಲ್ಲಿ ಹೋಯಿತು. ಯಾರೋ ಅದೇನೆಂದು ಕೇಳಿದರು, ಏನಿಲ್ಲ ಎಂದೆ.

ಹೆಸರು ಕರೆಯುವುದು ಶುರುವಾಯಿತು. ಮೊದಲಿಗೆ ಆಗಷ್ಟೇ ಸೇರಿದ್ದ ಒಬ್ಬ ವಿದ್ಯಾರ್ಥಿನಿ, ಯಾವುದೋ ದ್ವೀಪದ ಊರಿನವಳು. ಹಿಂದಿನ ಯಾವ ಸಭೆಯಲ್ಲೂ ಅವಳ ದನಿ ಕೇಳಿರಲಿಲ್ಲ. ಹೊರಬಾಗಿಲು ಕಡ್ಡಾಯ ಇರಬೇಕು ಎಂದಳು, ಕಾರಣವನ್ನೂ ಹೇಳಿದಳು, ಅದು ನನ್ನ ಕಾರಣಕ್ಕಿಂತ ಚೆನ್ನಾಗಿತ್ತು. ಮುಂದಿನವನು ಅದನ್ನೇ ಅಂದ. ನಂತರದ ಒಬ್ಬರು ಬೇಡ ಎಂದರು. ಮತ್ತೆ ಬೇಕು, ಬೇಕು, ಬೇಡ, ಬೇಕು. ವಾರವಿಡೀ ಸುಮ್ಮನಿದ್ದವರ ಬಾಯಿಂದ ಹೀಗೆ ಒಂದೊಂದೇ ಮಾತು ಹೊರಬೀಳುವಾಗ ನಾನು ಒಂದೊಂದನ್ನೂ ಬೆರಳು ಮಡಚಿ ಎಣಿಸುತ್ತಿದ್ದೆ. ಅವರೂ ನಮ್ಮ ಹಾಗೆಯೇ ಎಲ್ಲೆಲ್ಲೋ ಕೂತು ಚಹಾ ಕುಡಿಯುತ್ತ ಬೈದುಕೊಂಡವರೇ! ಕಡೆಗೆ ಮೇಡಂ ಸರದಿ. "ನಾನು ಮೊದಲು ಮಾತಾಡಿದ್ದರೆ ಇದಿಷ್ಟೂ ನನಗೆ ಕೇಳಿಸುತ್ತಿರಲಿಲ್ಲ. ನನ್ನ ಪ್ರಸ್ತಾಪ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ" ಎಂದರು.

ಹೊರಬಾಗಿಲು ಕಡ್ಡಾಯವಾಗಿ ಉಳಿಯಿತು. ಮುಖ್ಯ ನಿರ್ಣಯಗಳಿಗೆಲ್ಲ ಹೊಸಬರಿಂದ ಹೆಸರು ಕರೆಯಬೇಕು ಎನ್ನುವುದು ಮುಂದೆ ಸಮುದಾಯದ ನಿಯಮವೇ ಆಯಿತು. ಸಭೆ ಮುಗಿದದ್ದೇ ತಡ ಖಾದರ್ ಮೇಜಿನ ಮೇಲೆ ಹತ್ತಿ ಕುಣಿದ, ನಾನು ಕೆಳಗೆ ಕುಣಿದೆ. ಮಾಳಿಗೆಯ ಗಚ್ಚು ಉದುರುತ್ತದೆಂದು ಅಜ್ಜಿ ಕೆಳಗಿನಿಂದ ಕೂಗಿದರು. ತಾತ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತು, "ಬ್ಯಾಡ ಅಂದೋರ ಹೆಸರು, ಕಾರಣ ಬರ್ಕೊಂಡಾರಾ?" ಎಂದು ಕೇಳಿದರು.

"ಅವರು ಸೋತ್ರು ತಾತ, ಯಾಕ ಬರೀಬೇಕು?"

"ಸೋತೋರ ಕಾರಣಾನ ಪೂರಾ ಬರೀಬೇಕು. ನಾಳಿ ಅವರ ಮಾತ ಖರೇ ಆದ್ರ ಎಲ್ಲಿ ಹುಡುಕ್ತಿ? ಹೋಗು, ಕುಣಿಯಾದು ಆಮ್ಯಾಲ."

ಬರೆಸಿದೆ. ಆ ದೊಡ್ಡ ಕಂಪನಿ ಆಗ ಸೇರಲಿಲ್ಲ. ಬಹಳ ತಿಂಗಳ ಮೇಲೆ ಸದ್ದಿಲ್ಲದೆ ಬಂದು ಸೇರಿತು, ಹೊರಬಾಗಿಲನ್ನೂ ಇಟ್ಟಿತು. ಬೇಡ ಎಂದವರ ಕಾರಣವೊಂದು, ಹೊರಬಾಗಿಲಿಗೆ ಕಾವಲಿಲ್ಲದಿದ್ದರೆ ಕಳ್ಳರೂ ಅದರಲ್ಲೇ ಹೋಗುತ್ತಾರೆ ಎಂಬುದು, ನಮಗೆ ನಿಜಕ್ಕೂ ಉಪಯೋಗಕ್ಕೆ ಬಂತು: ಕೇಳುವವನು ನಿಜವಾದ ಗಿರಾಕಿಯೇ ಎಂದು ಖಚಿತವಾದ ಮೇಲೆಯೇ ಬಾಗಿಲು ತೆರೆಯುವ ಹಾಗೆ ಮಾಡಿದೆವು. ಅದನ್ನು ಹೇಳಿದಾಗ ತಾತನ ಮುಖ ನೋಡಬೇಕಿತ್ತು. ತಾವೇ ಕೋಡು ಬರೆದವರ ಹಾಗೆ ಮೀಸೆಯಲ್ಲೇ ನಕ್ಕರು.

ಓಣಿಯ ಬೋರಿನ ನೀರು ಎಷ್ಟೊತ್ತಿಗೆ ಬಿಡಬೇಕೆಂಬ ಜಗಳ ಬಂದಾಗಲೂ ತಾತ ಕಟ್ಟೆಯ ಮೇಲೆ ಜನರನ್ನು ಕೂಡಿಸಿ, ಹೊಸದಾಗಿ ಬಂದ ಸೊಸೆಯಿಂದ ಕೇಳಲು ಶುರುಮಾಡಿದರು. ಅವಳ ಅತ್ತೆ ಅವತ್ತಿನಿಂದ ತಾತನನ್ನು ಮಾತಾಡಿಸಲಿಲ್ಲ. ತಾತನಿಗೆ ಅದರ ಬೇಸರವೇ ಇರಲಿಲ್ಲ. "ಆಕಿ ಸಿಟ್ಟು ನಡಾವಳಿಯಾಗ ಬಂದೈತಿ" ಎನ್ನುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ತಾತ ಹಾಸಿಗೆ ಹಿಡಿದರು. ಉಸಿರಿನ ತೊಂದರೆ. ಮೆಟ್ಟಿಲು ಹತ್ತುವುದು ನಿಂತಿತು. ದಿನಕ್ಕೊಮ್ಮೆ ನಾನೇ ಕೆಳಗಿಳಿದು ಸಮುದಾಯದ ಸುದ್ದಿ ಹೇಳಿ ಬರುತ್ತಿದ್ದೆ. ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಸಿರುಗುಪ್ಪದಿಂದ ಮಿಲ್ಲಿನ ಸಾಹುಕಾರರು ಬಂದರು. ಚಹಾ ತರಿಸಿದೆ. ಅವರು ಲೋಟ ಮುಟ್ಟಲಿಲ್ಲ.

"ನಮ್ಮ ಅಳಿಯ ರಾಯಚೂರಿನ್ಯಾಗ ಇದ ಕೆಲಸ ಶುರು ಮಾಡ್ಯಾನ್ರಿ ಮೇಡಂ. ಮನ್ಯಾಗ ಬಿಡವಲ್ರು. ನಿಮ್ಮ ಕಡಿಂದ ಏನೂ ತಪ್ಪಿಲ್ಲ. ನಮ್ಮ ಲೆಕ್ಕ ಅಲ್ಲಿಗೆ ಒಯ್ಯಬೇಕಾಗೈತ್ರಿ."

ನನ್ನ ಮೈಯೆಲ್ಲ ಉರಿಯಿತು. ನಮ್ಮ ಮೊದಲ ಗಿರಾಕಿ, ಇವರನ್ನು ನೋಡಿಯೇ ಉಳಿದ ಮಿಲ್ಲಿನವರು ಬಂದದ್ದು. ಖಾದರ್ ನನ್ನನ್ನು ಒಳಗೆ ಕರೆದು, "ಸರ್ವರ್ ಕೆಟ್ಟೈತಿ ಅನ್ನು. ಒಂದ್ ಹದಿನೈದ್ ದಿನ ಎಳಿಯಾಣ. ಅಷ್ಟ್ರಾಗ ಮನಸ್ಸು ಬದ್ಲಿ ಮಾಡ್ತಾರ" ಎಂದು ಪಿಸುಗುಟ್ಟಿದ. ನಾನು ಬೇಡ ಎನ್ನಲಿಲ್ಲ. ಸಾಹುಕಾರರಿಗೆ ಕೂತಿರಿ ಎಂದು ಹೇಳಿ, ತಲೆ ತಣ್ಣಗಾಗಲಿ ಎಂದು ತಾತನ ಬಳಿಗೆ ಇಳಿದೆ. ದಿಂಬಿಗೆ ಒರಗಿ ಕೂತಿದ್ದರು, ದನಿ ಕ್ಷೀಣ.

"ಸಾವ್ಕಾರ ಬಂದಾನಂತ. ಅಜ್ಜಿ ಹೇಳಿದ್ಲು."

"ಬಿಟ್ಟು ಹೋಗ್ತಾರಂತ ತಾತ."

ಬಡಕಲು ಮುಖದಲ್ಲಿ ಕಣ್ಣು ಹೊಳೆದವು. ಅಷ್ಟು ದಿನದಲ್ಲಿ ನಾನು ಕಂಡಿರದ ಹೊಳಪು. "ಹೊರಬಾಗ್ಲಿಂದ?"

"ಹೌದ್ರಿ."

"ಹೋಗೋರಾಗ ಮೊದಲ್ನೇದವನು?"

"ಮೊದಲ್ನೇದವ್ರು."

"ಚಲೋ ತೆಗೀತಾ ಬಾಗ್ಲು?"

"ಇನ್ನೂ ತೆಗೆದಿಲ್ರಿ."

"ಯಾಕ?"

ನಾನು ಅವರ ದಿಂಬು ಸರಿಮಾಡಿದೆ. ತಾತ ಒಂದಷ್ಟು ಹೊತ್ತು ಉಸಿರು ಎಳೆದುಕೊಂಡರು.

"ಯವ್ವ, ಅವತ್ತು ನೀ ಮಾಡಿಸಿದ್ದು ಬ್ಯಾರೆಯವರ ಬಾಗ್ಲಿನ ಠರಾವು ಅಂದ್ಕೊಂಡಿದ್ಯಾ? ನಿಂದೂ ಬಾಗ್ಲ ಐತಿ. ನಿನ್ನ ಕಂಪ್ಯೂಟರ್ ಇಲ್ಲೇ ತಗೊಂಡ್ ಬಾ. ನಾನೂ ನೋಡ್ತೀನಿ."

ಲ್ಯಾಪ್‌ಟಾಪು ಕೆಳಗೆ ಬಂತು, ಸಾಹುಕಾರರೂ ಬಂದರು, ಖಾದರನೂ ತಲೆ ತಗ್ಗಿಸಿ ಬಂದ. ಅಜ್ಜಿ ಮಂಚದ ಪಕ್ಕ ಸ್ಟೂಲು ಇಟ್ಟರು. ನಾನು ಕೊಡಬೇಕಾದ ಆಜ್ಞೆ ಕೊಟ್ಟೆ. ಮಿಲ್ಲಿನ ಅಷ್ಟೂ ವರ್ಷದ ಭತ್ತ, ಅಕ್ಕಿ, ನುಚ್ಚು, ತೌಡಿನ ಲೆಕ್ಕ ನಮ್ಮಲ್ಲಿಂದ ರಾಯಚೂರಿನವರ ಕ್ಲೌಡಿಗೆ ಹೋಗತೊಡಗಿತು. ಪರದೆಯ ಮೇಲಿನ ಹಸಿರು ಪಟ್ಟಿ ಮುಂದೆ ಮುಂದೆ ಹೋಗುವುದನ್ನು ತಾತ ಕಣ್ಣು ಕೀಲಿಸಿ ನೋಡಿದರು. ನಾವು ನಾಲ್ಕು ಜನ ಅವರನ್ನು ನೋಡಿದೆವು. ಅರ್ಧ ತಾಸಿಗೆ ಮುಗಿಯಿತು. ಸಾಹುಕಾರರು ಅಳಿಯನಿಗೆ ಫೋನು ಹಚ್ಚಿ ಕೇಳಿದರು. ಎಲ್ಲವೂ ಬಂದಿತ್ತು.

"ಪೂರಾ ನೋಡ್ಕೋ ಅನ್ರಿ. ಒಂದ ಸಾಲೂ ಉಳಿಬಾರದು" ಎಂದು ತಾತ ಆ ಫೋನಿಗೇ ಕೇಳುವಂತೆ ಹೇಳಿದರು.

"ಪೂರಾ ಐತಂತ್ರಿ" ಎಂದ ಸಾಹುಕಾರರ ದನಿ ಮೆತ್ತಗಾಗಿತ್ತು. ಬರುವಾಗ ಒಂದು ಜಗಳಕ್ಕೆ ತಯಾರಾಗಿ ಬಂದಿದ್ದರೆಂದು ಕಾಣುತ್ತದೆ.

ತಾತ ನಕ್ಕರು. ಕೆಮ್ಮು ಬರುವವರೆಗೆ ನಕ್ಕರು, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕರು. ಅಜ್ಜಿಗೆ ಸಕ್ಕರೆ ತರಲು ಹೇಳಿ, ನನ್ನ ಬಾಯಿಗೆ, ಖಾದರನ ಬಾಯಿಗೆ, ಬಿಟ್ಟು ಹೋಗುತ್ತಿರುವ ಗಿರಾಕಿಯ ಬಾಯಿಗೂ ಚಿಟಿಕೆ ಚಿಟಿಕೆ ಹಾಕಿದರು. ನನಗೆ ಸಂತೋಷವೂ ಆಗುತ್ತಿತ್ತು, ಅಳುವೂ ಬರುತ್ತಿತ್ತು. ಯಾಕೆ ಎಂದು ಅವತ್ತು ಕೇಳಿದ್ದರೆ ಗಿರಾಕಿ ಹೋದದ್ದಕ್ಕೆ ಎಂದೇ ಹೇಳುತ್ತಿದ್ದೆ.

ಆಮೇಲೆ ತಾತ ಬಹಳ ದಿನ ಇರಲಿಲ್ಲ. ಒಂದು ಬೆಳಿಗ್ಗೆ ನಾನು ಕುರುಗೋಡಿನ ಬಸ್ಸು ಇಳಿದು ಓಣಿಗೆ ಬರುವಾಗ ಮನೆಯ ಮುಂದೆ ಜನ ನಿಂತಿದ್ದರು. ಮಾತಾಡಿಸುವುದನ್ನೇ ಬಿಟ್ಟಿದ್ದ ಆ ಅತ್ತೆ ಅಜ್ಜಿಯನ್ನು ತಬ್ಬಿಕೊಂಡು ಕೂತಿದ್ದಳು. ಮಣ್ಣು ಮಾಡುವ ಹೊತ್ತಿಗೆ ಸಿರುಗುಪ್ಪದಿಂದ ಸಾಹುಕಾರರೂ ಬಂದರು. ನಮಗೂ ಅವರಿಗೂ ಈಗ ಯಾವ ವ್ಯವಹಾರವೂ ಇರಲಿಲ್ಲ. ಆದರೂ ಬಂದು, ಗಂಡಸರ ಜೊತೆ ಹೆಗಲು ಕೊಟ್ಟು, ಒಂದು ಹಿಡಿ ಮಣ್ಣು ಹಾಕಿ, ನನ್ನ ಹತ್ತಿರ ಬಂದು ಕೈಮುಗಿದು ಹೋದರು.

ನಾವು ಈಗಲೂ ಅದೇ ಮಾಳಿಗೆಯಲ್ಲಿದ್ದೇವೆ. ಹೊಸ ಗಿರಾಕಿಗಳು ಬಂದಿದ್ದಾರೆ, ಹಳಬರು ಕೆಲವರು ಹೋಗಿದ್ದಾರೆ. ಯಾರೇ ಹೋಗುತ್ತೇನೆಂದರೂ ಚಹಾ ಕೊಟ್ಟು, ಎದುರಿಗೇ ಕೂರಿಸಿಕೊಂಡು, ಒಂದು ಸಾಲೂ ಉಳಿಯದ ಹಾಗೆ ಕಳಿಸಿಕೊಡುತ್ತೇನೆ. ಇಷ್ಟು ಸಿಟ್ಟಿನ ನನಗೆ ಇದು ಹೇಗೆ ಬಂತೆಂದು ನನ್ನ ಮನೆಯವರಿಗೇ ಸೋಜಿಗ. ತಾತನಿಂದ ಬಂತು. ಆದರೆ ಅಜ್ಜಿ ಅವರ ಅಂಗಿಗಳನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದಾಗ, ಬ್ಯಾಡ ಅಜ್ಜಿ, ಇನ್ನೊಂದು ವಾರ ಇರಲಿ ಎಂದೆ. ಮುಂದಿನ ವಾರವೂ ಹಾಗೆಯೇ ಎಂದೆ.